ತೋಟದ ಹೋಂಸ್ಟೇಗೆ ಸೌರ ವಿದ್ಯುತ್: ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ



ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟದ ಮನೆಯ ಮೂರು ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿಕೊಂಡವರು ಈಗ ಬಹಳ ಮಂದಿ ಇದ್ದಾರೆ. ಕಾಫಿ ಫಸಲು ಕೈಕೊಟ್ಟ ವರ್ಷ ಈ ಆದಾಯ ಸಂಸಾರವನ್ನು ಸಾಗಿಸುತ್ತದೆ. ಆದರೆ ಜೂನ್ ಬಂದು, ತಂತಿಯ ಮೇಲೆ ಒಂದು ಕೊಂಬೆ ಬಿದ್ದಿತೆಂದರೆ ದಿನಗಟ್ಟಲೆ ಕರೆಂಟಿಲ್ಲ. ಹಣ ಕೊಟ್ಟು ಬಂದವರನ್ನು ಕತ್ತಲಲ್ಲಿ ಕೂರಿಸುವುದು ಹೇಗೆ? ಸೌರ ವಿದ್ಯುತ್ತಿನ ಯೋಚನೆ ಬರುವುದು ಸಾಮಾನ್ಯವಾಗಿ ಇಂಥ ರಾತ್ರಿಯಲ್ಲೇ.

ಇಲ್ಲಿಯೇ ಅನೇಕರು ಎಡವುತ್ತಾರೆ. ಚಾವಣಿಯ ಮೇಲೆ ಫಲಕ ಹಾಕಿಸಿದರೆ ಕರೆಂಟು ಹೋದಾಗಲೂ ದೀಪ ಉರಿಯುವುದೆಂದು ತಿಳಿಯುತ್ತಾರೆ. ಬ್ಯಾಟರಿ ಇಲ್ಲದೆ ಕಂಪನಿಯ ಲೈನಿಗೆ ಜೋಡಿಸುವ ‘ಆನ್‌ಗ್ರಿಡ್’ ಪದ್ಧತಿಯಲ್ಲಿ ಹಾಗಾಗುವುದಿಲ್ಲ. ಲೈನಿನಲ್ಲಿ ವಿದ್ಯುತ್ ನಿಂತ ಕೂಡಲೇ ಇನ್‌ವರ್ಟರ್ ತಾನೂ ನಿಲ್ಲುತ್ತದೆ. ಇದು ದೋಷವಲ್ಲ, ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್ನನ ಪ್ರಾಣ ಉಳಿಸಲು ಮಾಡಿದ ಏರ್ಪಾಡು. ಬಿಲ್ಲು ಇಳಿಸುವುದಷ್ಟೇ ನಿಮ್ಮ ಉದ್ದೇಶವಾದರೆ ಆನ್‌ಗ್ರಿಡ್ ಸಾಕು. ಕತ್ತಲು ಕಳೆಯಬೇಕಾದರೆ ಬ್ಯಾಟರಿ ಇರುವ ‘ಹೈಬ್ರಿಡ್’ ಪದ್ಧತಿಯೇ ಬೇಕು. ಹಣ ಕೊಡುವ ಮೊದಲು ಇದನ್ನು ಬಾಯಿಬಿಟ್ಟು ಕೇಳಿರಿ.

ಬ್ಯಾಟರಿ ದುಬಾರಿ. ಆದ್ದರಿಂದ ಮೊದಲು ಖರ್ಚಿನ ಕಡೆ ನೋಡಬೇಕು. ನಾಲ್ಕು ಕೋಣೆಯ ಒಂದು ಮನೆಯನ್ನು ತೆಗೆದುಕೊಳ್ಳೋಣ. 9 ವಾಟಿನ 20 ಎಲ್.ಇ.ಡಿ. ದೀಪಗಳು 5 ಗಂಟೆ ಉರಿದರೆ ಒಂದು ಯೂನಿಟ್ಟಿಗೂ ಕಡಿಮೆ. 75 ವಾಟಿನ 6 ಫ್ಯಾನು 8 ಗಂಟೆ ತಿರುಗಿದರೆ 3.6 ಯೂನಿಟ್. ಫ್ರಿಜ್ಜು, ಟಿ.ವಿ., ನೀರಿನ ಪಂಪು ಎಲ್ಲ ಸೇರಿ ಇನ್ನು ಮೂರೂವರೆ ಎನ್ನಿ. ಒಟ್ಟು ಸುಮಾರು 8 ಯೂನಿಟ್. ಇನ್ನು ಸ್ನಾನಕ್ಕೆ ಬನ್ನಿ. ಹತ್ತು ಜನರಿಗೆ ತಲಾ 20 ಲೀಟರಿನಂತೆ 200 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಏರಿಸಲು ಗೀಸರಿಗೆ 7 ಯೂನಿಟ್ ಬೇಕು. ಬಿಸಿನೀರೊಂದೇ ಉಳಿದೆಲ್ಲದರ ಸಮಕ್ಕೆ ಬಂದಿತು!

ಆದಕಾರಣ ಬಿಸಿನೀರನ್ನು ವಿದ್ಯುತ್ತಿನಿಂದ ಬಿಡಿಸುವುದೇ ಮೊದಲ ಕೆಲಸ. ಬಿಸಿಲಿನ ತಿಂಗಳುಗಳಿಗೆ ಸೌರ ಜಲತಾಪಕ, ಮಳೆಗಾಲಕ್ಕೆ ಹಂಡೆಯ ಒಲೆ. ಮರಗಸಿಯಲ್ಲಿ ಬಿದ್ದ ಕೊಂಬೆಗಳನ್ನು ಮಳೆಗೆ ಮೊದಲೇ ಒಣಗಿಸಿ ಕೊಟ್ಟಿಗೆಗೆ ಸೇರಿಸಿದರೆ ಸೌದೆಯ ಚಿಂತೆಯಿಲ್ಲ. ಬಚ್ಚಲ ಒಲೆಯನ್ನು ಹಳೆಯದೆಂದು ಕಿತ್ತು ಹಾಕಿದವರು ಈಗ ಪರಿತಪಿಸುತ್ತಿರಬಹುದು. ನಾಲ್ಕೈದು ರಾಸುಗಳಿದ್ದವರು ದಿನಕ್ಕೆ 50 ಕಿಲೋ ಸಗಣಿಯಿಂದ 2 ಘನ ಮೀಟರಿನ ಗೋಬರ್ ಅನಿಲ ಸ್ಥಾವರ ನಡೆಸಬಹುದು. ಅಡುಗೆಯೂ ಆಯಿತು, ಬಗ್ಗಡ ಗಿಡಕ್ಕೂ ಆಯಿತು.

ಫ್ಯಾನುಗಳನ್ನು 30 ವಾಟಿನ ಬಿ.ಎಲ್.ಡಿ.ಸಿ. ಮಾದರಿಗೆ ಬದಲಾಯಿಸಿದರೆ 3.6 ಯೂನಿಟ್ ಒಂದೂವರೆಗೆ ಇಳಿಯುವುದು. 15 ಯೂನಿಟ್ ಬೇಡುತ್ತಿದ್ದ ಮನೆಗೆ ಈಗ 6 ಸಾಕು. ಒಂದು ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುವುದರಿಂದ 2 ಕಿಲೋವಾಟ್ ಹಾಕಿಸಿದರಾಯಿತು. ಮೋಡ ಮುಸುಕಿದ ಆಷಾಢದಲ್ಲಿ ಇದೇ 8 ಯೂನಿಟ್ ಎರಡಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಆಗ ಫ್ಯಾನು ಬೇಡವೆಂಬುದೊಂದು ಸಮಾಧಾನ; ಲೈನು ಬಂದಾಗ ಅದರಿಂದಲೂ ಬ್ಯಾಟರಿ ತುಂಬಿಸಿಕೊಳ್ಳಬಹುದು. ರಾತ್ರಿಯ ಮೂರು ಯೂನಿಟ್ಟಿಗೆ 12 ವೋಲ್ಟ್, 150 ಆಂಪಿಯರ್-ಅವರಿನ ನಾಲ್ಕು ಸೀಸ-ಆಮ್ಲ ಬ್ಯಾಟರಿ ಬೇಕಾಗುವುದು. ಇವುಗಳನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬೇಗ ಕೆಡುತ್ತವೆ. ಗಾಳಿಯಾಡುವ ಜಾಗದಲ್ಲಿಟ್ಟು, ಭಟ್ಟಿ ಇಳಿಸಿದ ನೀರನ್ನು ತಪ್ಪದೆ ತುಂಬುತ್ತಿರಬೇಕು.

ನೆರಳಿನ ವಿಷಯ ಇನ್ನೂ ಮುಖ್ಯ. ಒಂದೇ ಫಲಕದ ಮೇಲೆ ನೆರಳು ಬಿದ್ದರೂ ಅದರೊಡನೆ ಸಾಲಾಗಿ ಜೋಡಿಸಿದ ಉಳಿದವುಗಳ ಉತ್ಪತ್ತಿ ಕುಗ್ಗಬಹುದು. ಮಾರುವವರು ಏಪ್ರಿಲ್‌ನಲ್ಲಿ ಬಂದು ನೋಡಿದರೆ ನಡುಹಗಲಿಗೆ ನೆರಳೇ ಕಾಣದು, ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲಿದಾಗ 60 ಅಡಿಯ ಸಿಲ್ವರ್ ಓಕ್ ಮರದ ನೆರಳು ನಡುಹಗಲಲ್ಲೇ ಸುಮಾರು 44 ಅಡಿ ಉತ್ತರಕ್ಕೆ ಚಾಚುವುದು. ಬೆಳಗ್ಗೆ ಸಂಜೆ ಇನ್ನೂ ಉದ್ದ. ಆದುದರಿಂದ ಡಿಸೆಂಬರಿನ ಒಂದು ದಿನ ಬೆಳಗ್ಗೆ 9ರಿಂದ 3ರವರೆಗೆ ನೀವೇ ನೆರಳನ್ನು ಗುರುತಿಸಿಕೊಳ್ಳಿರಿ. ಹಳೆಯ ಹೆಂಚಿನ ಮಾಡಿಗಿಂತ ಗೋದಾಮಿನ ತಾರಸಿ ಲೇಸು. ಒಂದು ಕಿಲೋವಾಟಿಗೆ ಸುಮಾರು 100 ಚದರ ಅಡಿ ಹಿಡಿಯುವುದು. ಫಲಕದ ಮುಖ ದಕ್ಷಿಣಕ್ಕಿರಲಿ, 12ರಿಂದ 15 ಡಿಗ್ರಿ ಓರೆ ಇರಲಿ. ಸಿಡಿಲಿನ ಸೀಮೆಯಾದ್ದರಿಂದ ಅರ್ಥಿಂಗಿನಲ್ಲಿ ಜಿಪುಣತನ ಬೇಡ.

ಸಾಲಕ್ಕೆ ಹೋಗುವ ಮುನ್ನ ನಿಮ್ಮ ಮೀಟರು ಗೃಹಬಳಕೆಯದೋ ವಾಣಿಜ್ಯದ್ದೋ ಎಂದು ಬಿಲ್ಲಿನಲ್ಲಿ ನೋಡಿರಿ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟಿಗೆ 60,000 ರೂಪಾಯಿ, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಅದು ಲೈನಿಗೆ ಜೋಡಿಸಿದ, ವಾಸದ ಮನೆಯ ಸಂಪರ್ಕಗಳಿಗೆ. ಕೊಡಗಿನವರು ಚೆಸ್ಕ್ ಕಚೇರಿಯಲ್ಲಿ, ಚಿಕ್ಕಮಗಳೂರಿನವರು ಮೆಸ್ಕಾಂ ಕಚೇರಿಯಲ್ಲಿ ತಮ್ಮ ಸಂಪರ್ಕ ಯಾವ ಗುಂಪಿಗೆ ಸೇರುವುದೆಂದು ಬರವಣಿಗೆಯಲ್ಲಿ ಪಡೆದುಕೊಂಡು, ಅನಂತರ ಮುಂಗಡ ಕೊಡುವುದು ಒಳ್ಳೆಯದು.