ಮೊದಲ ಎರಡು ಗೆರೆಗಳು

ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಇಂಥದೊಂದು ವಿಳಾಸ ಇದೆ ಎಂದುಕೊಳ್ಳಿ: \\ಭಂಡಾರ\ಲೆಕ್ಕ\ಕೋಲಾರ. ‘ಭಂಡಾರ’ ಪಕ್ಕದ ಕೋಣೆಯ ಸರ್ವರ್. ‘ಲೆಕ್ಕ’ ಅದು ಹಂಚಿಕೊಂಡಿರುವ ಫೋಲ್ಡರ್. ‘ಕೋಲಾರ’ ಅದರೊಳಗಿನ ಕಡತ. ಈ ಕಡತ ನಮ್ಮ ಯಂತ್ರದಲ್ಲಿಲ್ಲ, ನೆಟ್‌ವರ್ಕಿನಲ್ಲಿದೆ ಎಂದು ತಿಳಿಸುವುದು ಮೊದಲ ಎರಡು ಗೆರೆಗಳು. ಹೀಗೆ ಬರೆಯುವ ಕ್ರಮಕ್ಕೆ ಯುಎನ್‌ಸಿ ಎಂದು ಹೆಸರು.

ಗೆರೆ ಹಿಂದಕ್ಕೆ ವಾಲಿರುವುದಕ್ಕೆ ಕಾರಣ ಹಳೆಯದು. ಯುನಿಕ್ಸ್ ಮೊದಲಿನಿಂದಲೂ ಫೋಲ್ಡರುಗಳ ನಡುವೆ ಮುಂದಕ್ಕೆ ವಾಲಿದ ಸ್ಲ್ಯಾಶ್ ಬಳಸುತ್ತಿತ್ತು. ವಿಂಡೋಸಿಗೆ ಮುಂಚಿನ ಎಂಎಸ್-ಡಾಸ್‌ನಲ್ಲಿ ಆ ಗುರುತು ಕಮಾಂಡುಗಳ ಆಯ್ಕೆಗಳಿಗೆ ಮೀಸಲಾಗಿತ್ತು. 1983ರಲ್ಲಿ ಡಾಸ್ 2.0ಗೆ ಫೋಲ್ಡರುಗಳು ಬಂದಾಗ ಬ್ಯಾಕ್‌ಸ್ಲ್ಯಾಶ್ ಹಿಡಿಯಬೇಕಾಯಿತು. ಅಂದು ಕವಲೊಡೆದ ದಾರಿ ಇಂದಿಗೂ ಒಂದಾಗಿಲ್ಲ.

ಎರಡೂ ಕಡೆ ಓಡಬೇಕಾದ ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಎಲ್ಲ ಗೆರೆಗಳನ್ನೂ ಮುಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಜೋಡಿ ಗೆರೆ ಕಂಡಲ್ಲೆಲ್ಲ ಒಂದನ್ನು ಅಳಿಸುತ್ತಾರೆ. ಆಗ //ಭಂಡಾರ/ಲೆಕ್ಕ ಎಂಬುದು /ಭಂಡಾರ/ಲೆಕ್ಕ ಆಗುತ್ತದೆ. ಹೋದದ್ದು ಒಂದೇ ಗೆರೆ, ಆದರೆ ‘ಭಂಡಾರ’ ಈಗ ಸರ್ವರ್ ಅಲ್ಲ, ನಮ್ಮದೇ ಡಿಸ್ಕಿನ ಒಂದು ಫೋಲ್ಡರ್. ಕಡತ ಸಿಗಲಿಲ್ಲ ಎಂದು ಪ್ರೋಗ್ರಾಂ ನಿಂತರೆ ಪುಣ್ಯ. ಇಲ್ಲದ ಫೋಲ್ಡರನ್ನು ತಾನೇ ಸೃಷ್ಟಿಸಿ ಅಲ್ಲಿ ಬರೆದುಬಿಟ್ಟರೆ, ಲೆಕ್ಕ ಸರ್ವರಿಗೆ ಸೇರಿತೆಂದು ನಂಬಿದವರಿಗೆ ಅದು ಅಲ್ಲಿಲ್ಲ ಎಂದು ತಿಳಿಯುವುದು ಬೇಕಾದ ದಿನವೇ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪಾಸಿಕ್ಸ್ ಮಾನದಂಡ ಈ ವಿಷಯದಲ್ಲಿ ಎಚ್ಚರ ವಹಿಸಿದೆ: ಆರಂಭದಲ್ಲಿ ಸರಿಯಾಗಿ ಎರಡೇ ಸ್ಲ್ಯಾಶ್ ಇದ್ದರೆ ಅದಕ್ಕೆ ವಿಶೇಷ ಅರ್ಥ ಕೊಡಲು ವ್ಯವಸ್ಥೆಗೆ ಅವಕಾಶವಿದೆ, ಮೂರು ಅಥವಾ ಹೆಚ್ಚಿದ್ದರೆ ಒಂದಕ್ಕೆ ಸಮ.

ಗೆರೆ ಉಳಿಸಿಕೊಂಡರೂ ಕೆಲಸ ಮುಗಿಯುವುದಿಲ್ಲ. ಲಿನಕ್ಸ್‌ನಲ್ಲಿ ಹಂಚಿಕೆಯ ಫೋಲ್ಡರನ್ನು ಮೊದಲು ಮೌಂಟ್ ಮಾಡಬೇಕು. ಆಮೇಲೆ ಅದು ಮಾಮೂಲಿ ಫೋಲ್ಡರಿನಂತೆ ಕಾಣುತ್ತದೆ, ದಾರಿಯಲ್ಲಿ ಸರ್ವರಿನ ಹೆಸರೇ ಇರಬೇಕಾಗಿಲ್ಲ. ಹಾಗಾಗಿ ವಿಳಾಸವನ್ನು ಅಕ್ಷರಗಳ ಸಾಲೆಂದು ಕತ್ತರಿಸಿ ಅಂಟಿಸಬಾರದು. ಸರ್ವರ್, ಹಂಚಿಕೆ, ಒಳದಾರಿ ಎಂದು ಮೂರು ಭಾಗವಾಗಿ ಇಟ್ಟುಕೊಂಡು, ಆಯಾ ವ್ಯವಸ್ಥೆಗೆ ಬೇಕಾದಂತೆ ಕೊನೆಯಲ್ಲಿ ಜೋಡಿಸಬೇಕು. ಪೈಥಾನ್‌ನ ಪಾಥ್‌ಲಿಬ್, ಲಿನಕ್ಸ್ ಮೇಲೆ ಓಡುವಾಗಲೂ, ವಿಂಡೋಸ್ ದಾರಿಯನ್ನು ಸರಿಯಾಗಿ ಬಿಡಿಸಬಲ್ಲದು. ಅದು \\ಭಂಡಾರ\ಲೆಕ್ಕ ಎಂಬಷ್ಟನ್ನೂ ಒಂದೇ ಡ್ರೈವಿನಂತೆ ಕಾಣುತ್ತದೆ. ಮೇಲಿನ ಫೋಲ್ಡರ್ ಕೊಡು ಎಂದು ಎಷ್ಟು ಸಲ ಕೇಳಿದರೂ ಅದಕ್ಕಿಂತ ಮೇಲೆ ಹತ್ತುವುದಿಲ್ಲ.

ಕನ್ನಡದಲ್ಲಿ ಕಡತಕ್ಕೆ ಹೆಸರಿಡುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಯುನಿಕೋಡ್‌ನಲ್ಲಿ ‘ಕೋ’ದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಆದ್ದರಿಂದ ‘ಕೋಲಾರ’ ಒಂದು ಬಗೆಯಲ್ಲಿ 5 ಸಂಕೇತ, ಇನ್ನೊಂದರಲ್ಲಿ 7. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಬಿಡಿಸಿದ ರೂಪದಲ್ಲೇ ಹೆಸರು ಉಳಿಸುತ್ತಿತ್ತು, ಲಿನಕ್ಸ್ ಸಾಮಾನ್ಯವಾಗಿ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಕಣ್ಣಿಗೆ ಒಂದೇ ಆದ ಎರಡು ‘ಕೋಲಾರ’ ಒಂದೇ ಫೋಲ್ಡರಿನಲ್ಲಿ ಕೂರಬಹುದು. ಹೆಸರುಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿ. ತೆರೆಯುವಾಗ ಮಾತ್ರ ಸರ್ವರ್ ಹೇಳಿದ ಹೆಸರನ್ನೇ, ಅದು ಹೇಳಿದಂತೆಯೇ, ಹಿಂದಿರುಗಿಸಿ.

ನಿಮ್ಮ ಪ್ರೋಗ್ರಾಂ ಬಿಡುಗಡೆಗೆ ಮೊದಲು ಹಂಚಿಕೆಯ ಫೋಲ್ಡರಿನಲ್ಲಿ ‘ಕೋಲಾರ’ ಎಂಬ ಕಡತವೊಂದನ್ನು ಇಟ್ಟು ವಿಂಡೋಸ್, ಲಿನಕ್ಸ್, ಆ್ಯಪಲ್ ಮೂರೂ ವ್ಯವಸ್ಥೆಗಳಿಂದ ತೆರೆದು ನೋಡಿ. ಗೆರೆಯ ತಪ್ಪು, ಅಕ್ಷರದ ತಪ್ಪು ಎರಡೂ ಆ ಒಂದೇ ಹೆಸರಿನಲ್ಲಿ ಸಿಕ್ಕಿಬೀಳುತ್ತವೆ.