ಬಿದ್ದದ್ದು ಉಲ್ಕೆಯೋ, ಸಿಡಿದದ್ದು ಸ್ಫೋಟಕವೋ?

ಅವಲಪಲ್ಲಿಯಲ್ಲಿ ವ್ಯಾಪಾರ ಮಾಡುವ ನಮಗೆ ದೊಡ್ಡ ಸದ್ದು ಹೊಸತಲ್ಲ. ಕೃಷ್ಣಗಿರಿ ಜಿಲ್ಲೆಯಲ್ಲಿ ಗ್ರಾನೈಟ್ ಕ್ವಾರಿಗಳಿಗೆ ಬರವಿಲ್ಲ. ಆದರೆ ಎಲ್ಲೋ 'ಢಂ' ಅಂದ ಕೂಡಲೇ ವಾಟ್ಸಾಪಿನಲ್ಲಿ ಬಾಂಬ್, ಉಲ್ಕೆ ಅಂತ ಸುದ್ದಿ ಓಡುತ್ತದೆ. ಇವೆರಡರ ವ್ಯತ್ಯಾಸ ನಮ್ಮ ಯುವಕರಿಗೆ ಗೊತ್ತಿರಬೇಕು.

ಕೃಷ್ಣಗಿರಿ ದಾಟಿ ಚೆನ್ನೈ ಹೆದ್ದಾರಿಯಲ್ಲಿ ಹೋದರೆ ನಾಟ್ರಂಪಳ್ಳಿ ಸಿಗುತ್ತದೆ. 2016ರ ಫೆಬ್ರವರಿ 6ರಂದು ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಫೋಟವಾಗಿ ಬಸ್ ಚಾಲಕರೊಬ್ಬರು ತೀರಿಕೊಂಡರು. ಉಲ್ಕೆ ಬಿದ್ದಿದೆ ಎಂದು ಆಗಿನ ಮುಖ್ಯಮಂತ್ರಿ ಜಯಲಲಿತಾ ಅವರೇ ಹೇಳಿ, ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಆದರೆ ಚಿತ್ರಗಳನ್ನು ನೋಡಿದ ನಾಸಾ ವಿಜ್ಞಾನಿಗಳು, ಇದು ನೆಲದ ಮೇಲಿನ ಸ್ಫೋಟದಂತಿದೆ ಎಂದರು.

ಹಾಗೆ ಹೇಳಲು ಕಾರಣವಿದೆ. ಸಣ್ಣ ಉಲ್ಕೆಯ ವೇಗವನ್ನು ಗಾಳಿಯೇ ಮೇಲೆ ತಡೆದುಬಿಡುತ್ತದೆ. ಕೊನೆಗೆ ಅದು ಎತ್ತರದಿಂದ ಎಸೆದ ಕಲ್ಲಿನಂತೆ ಬೀಳುತ್ತದೆ, ನೆಲದಲ್ಲಿ ಸಿಡಿಯುವುದಿಲ್ಲ. ಬಿದ್ದ ಜಾಗದ ಸುತ್ತಲಿನ ಗಾಜು ಮಾತ್ರ ಪುಡಿಯಾದರೆ ಸಂಶಯ ನೆಲದ ಮೇಲಿನ ಸ್ಫೋಟಕದ ಮೇಲೆ ಬರಬೇಕು.

ಆಘಾತ ತರಂಗ ಅಂದ್ರೆ ಶಬ್ದಕ್ಕಿಂತ ವೇಗವಾಗಿ ನುಗ್ಗುವ, ಒತ್ತಿ ಹಿಡಿದ ಗಾಳಿಯ ಗೋಡೆ. ಅಣುಬಾಂಬಿನಲ್ಲಿ ಎಲ್ಲಾ ಶಕ್ತಿ ಒಂದೇ ಬಿಂದುವಿನಲ್ಲಿ ಕ್ಷಣಾರ್ಧದಲ್ಲಿ ಹೊರಬಂದು ತರಂಗ ಚೆಂಡಿನಂತೆ ಹಿಗ್ಗುತ್ತದೆ. ಜೊತೆಗೆ ವಿಕಿರಣವೂ ಇರುತ್ತದೆ. ಉಲ್ಕೆಯಲ್ಲಿ ಮದ್ದೂ ಇಲ್ಲ, ಅಣುಬಾಂಬಿನ ವಿಕಿರಣವೂ ಇಲ್ಲ, ಇರುವುದು ವೇಗ ಮಾತ್ರ. ಅದು ಓಡಿದ ದಾರಿಯುದ್ದಕ್ಕೂ ತರಂಗ ಉದ್ದ ಕೊಳವೆಯಂತೆ ಹರಡುತ್ತದೆ.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಕಲ್ಲು ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂತು. ಅದರ ಶಕ್ತಿ ಹಿರೋಶಿಮಾ ಬಾಂಬಿನ ಸುಮಾರು 30 ಪಟ್ಟು. ಆದರೂ ಯಾರೂ ಸಾಯಲಿಲ್ಲ. ಏಕೆಂದರೆ ಹಿರೋಶಿಮಾ ಬಾಂಬ್ ಸಿಡಿದದ್ದು ಸುಮಾರು 600 ಮೀಟರ್ ಎತ್ತರದಲ್ಲಿ, ಈ ಕಲ್ಲು ಒಡೆದದ್ದು ಸುಮಾರು 30 ಕಿಲೋಮೀಟರ್ ಮೇಲೆ. ಶಕ್ತಿ ಎಂಟು ಪಟ್ಟಾದರೂ ಹಾನಿ ಮುಟ್ಟುವ ದೂರ ಎರಡೇ ಪಟ್ಟಾಗುತ್ತದೆ. ಎಂಟು ಪಟ್ಟು ಬಂಡವಾಳ ಹಾಕಿ ಎರಡು ಪಟ್ಟು ಲಾಭ ತೆಗೆದ ಹಾಗೆ!

ಭೂಮಿಯೊಳಗೆ ನಡೆಯುವ ಅಣು ಸ್ಫೋಟ ಗೊತ್ತಾಗುವುದು ನೆಲದ ಕಂಪನದಿಂದ. ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳು 1960ರ ದಶಕದಿಂದ ಇದೇ ಕೆಲಸಕ್ಕಿವೆ. ಸ್ಫೋಟ ನೆಲವನ್ನು ಎಲ್ಲಾ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪ ಕೆಲವು ದಿಕ್ಕಿಗೆ ತಳ್ಳಿ, ಕೆಲವು ದಿಕ್ಕಿನಿಂದ ಎಳೆಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಚೆಲ್ಯಾಬಿನ್ಸ್ಕ್‌ನಲ್ಲಿ ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರಿಗೆ ತಾಗಿದ್ದು ಗಾಜಿನ ಚೂರು. ಬೆಳಕು ಮೊದಲು ಬಂತು, ತರಂಗ ಬರಲು ಒಂದೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಜನ 'ಏನದು' ಅಂತ ಕಿಟಕಿಗೆ ಓಡಿದ್ದರು. ಒಬ್ಬ ಶಿಕ್ಷಕಿ ಮಾತ್ರ ತನ್ನ 44 ಮಕ್ಕಳನ್ನು ಡೆಸ್ಕ್ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ, ಗಾಯವಾದದ್ದು ಅವರಿಗೇ.

ಆದ್ದರಿಂದ ಆಕಾಶದಲ್ಲಿ ಕಣ್ಣು ಕುಕ್ಕುವ ಬೆಳಕು ಕಂಡರೆ ಮೊಬೈಲ್ ಹಿಡಿದು ಕಿಟಕಿಗೆ ಹೋಗಬೇಡಿ. ಅಂಗಡಿಯ ಗಾಜಿನ ಬಾಗಿಲಿನಿಂದ ದೂರ ಸರಿಯಿರಿ, ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿ. ಫಾರ್ವರ್ಡ್ ಮಾಡುವುದು ಆಮೇಲೆ, ಅದೂ ವಿಷಯ ಖಚಿತವಾದ ಮೇಲೆ.