ನಾಲ್ಕೂವರೆ ಮನೆಯ ನಾಲ್ಕು ಹೆಸರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಕಲಿಯುವವರಿಗೆ ಹಾರ್ಮೋನಿಯಂ ಮೇಷ್ಟ್ರು ಮೊದಲು ಗೊತ್ತುಮಾಡುವುದು ಶ್ರುತಿಯನ್ನು. ಹಾರ್ಮೋನಿಯಂನ ಕೀಗಳಿಗೆ ಇಲ್ಲಿ ‘ಮನೆ’ ಎನ್ನುತ್ತಾರೆ. ಭೀಮನಿಗೆ ಒಂದು ಮನೆ ಹಿತವಾದರೆ ಕೃಷ್ಣನಿಗೆ ನಾಲ್ಕು ಬೇಕಾದೀತು. ಅರ್ಧ ಮನೆ ಹೆಚ್ಚಾದರೂ ಕಂದಪದ್ಯದ ಮೇಲುಸ್ಥಾಯಿಯಲ್ಲಿ ಗಂಟಲು ಕಟ್ಟುತ್ತದೆ.

ತೊಡಕಿರುವುದು ಹೆಸರಿನಲ್ಲಿ. ಕರ್ನಾಟಕ ಸಂಗೀತದವರು ಬಿಳಿ ಮನೆಗಳನ್ನು 1ರಿಂದ 7ರವರೆಗೆ ಎಣಿಸಿ, ನಡುವಿನ ಕಪ್ಪು ಮನೆಯನ್ನು ಒಂದೂವರೆ, ಎರಡೂವರೆ ಎನ್ನುತ್ತಾರೆ. ಹಿಂದೂಸ್ತಾನಿಯಲ್ಲೂ ಯಕ್ಷಗಾನದಲ್ಲೂ ಕಪ್ಪು ಮನೆಗಳ ಲೆಕ್ಕವೇ ಬೇರೆ: ಕಪ್ಪು ಒಂದು, ಕಪ್ಪು ಎರಡು, ಹೀಗೆ ಐದರವರೆಗೆ. ಆದ್ದರಿಂದ ನಾಲ್ಕೂವರೆ ಎಂದರೂ ಕಪ್ಪು ಮೂರು ಎಂದರೂ ಒತ್ತುವುದು ಒಂದೇ ಮನೆ. ಕೀಬೋರ್ಡ್ ನುಡಿಸುವವರಿಗೆ ಅದು ಎಫ್ ಶಾರ್ಪ್. ಮೇಜರ್ ಹಾಡಾದರೆ ಹೊಂದುವ ಶ್ರುತಿಯ ಹಾಡುಗಳನ್ನು ಬೆಸೆಯಲು ಡಿಜೆಗಳು ಬಳಸುವ ಕ್ಯಾಮೆಲಾಟ್ ಚಕ್ರದಲ್ಲಿ ಅದೇ 2ಬಿ. ಚೀಟಿಯಲ್ಲಿ ಬರೀ ‘ಮೂರು’ ಎಂದು ಬರೆದರೆ ಬಿಳಿ ಮೂರೋ ಕಪ್ಪು ಮೂರೋ ತಿಳಿಯದು. ಎರಡರ ನಡುವೆ ಎರಡು ಸ್ವರಸ್ಥಾನಗಳ ಅಂತರವಿದೆ.

ಇದನ್ನು ಬಗೆಹರಿಸಲು ಪೈಥಾನ್‌ನಲ್ಲಿ ಹತ್ತಾರು ಸಾಲಿನ ಪ್ರೋಗ್ರಾಮ್ ಸಾಕು. ಸಿ ಮನೆಗೆ 0 ಕೊಟ್ಟು, ಬಿಳಿ ಕಪ್ಪು ಎನ್ನದೆ ಸಾಲಾಗಿ 11ರವರೆಗೆ ಎಣಿಸಬೇಕು. ಯಾವ ಪದ್ಧತಿಯ ಹೆಸರೇ ಬರಲಿ, ಮೊದಲು ಈ ಅಂಕಿಗೆ ತಂದು, ಆಮೇಲೆ ಬೇಕಾದ ಹೆಸರಿಗೆ ಒಯ್ಯುವುದು. ಒಂದು ಮನೆ 0, ಎರಡೂವರೆ 3, ನಾಲ್ಕೂವರೆ 6. ಆದರೆ ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಮನೆಯೇ ಇಲ್ಲ. ಹಾಗಾಗಿ ಅರ್ಧಗಳನ್ನು ಸೂತ್ರಕ್ಕೆ ಒಪ್ಪಿಸದೆ 12 ಹೆಸರುಗಳ ಪಟ್ಟಿಯನ್ನೇ ಬರೆದಿಡುವುದು ಕ್ಷೇಮ. ‘ಮೂರೂವರೆ’ ಎಂದು ಯಾರಾದರೂ ಒತ್ತಿದರೆ ಪ್ರೋಗ್ರಾಮ್ ಅಲ್ಲೇ ತಡೆಯಬೇಕು.

ಕ್ಯಾಮೆಲಾಟ್‌ಗೆ ಮಾತ್ರ ಚಿಕ್ಕ ಸೂತ್ರವಿದೆ. ಆ ಚಕ್ರ ಪಂಚಮದಿಂದ ಪಂಚಮಕ್ಕೆ ಸಾಗುತ್ತದೆ, ಷಡ್ಜದಿಂದ ಪಂಚಮಕ್ಕೆ 7 ಸ್ವರಸ್ಥಾನ. ಶ್ರುತಿಯ ಅಂಕಿಯನ್ನು 7ರಿಂದ ಗುಣಿಸಿ, 7 ಕೂಡಿ, 12ರಿಂದ ಭಾಗಿಸಿ, ಶೇಷಕ್ಕೆ 1 ಸೇರಿಸಬೇಕು. ನಾಲ್ಕೂವರೆಗೆ 42, ಕೂಡಿದರೆ 49, ಶೇಷ 1, ಉತ್ತರ 2. ಮೇಜರ್‌ಗೆ ‘ಬಿ’ ಹಚ್ಚಿದರೆ 2ಬಿ. ಮೈನರ್ ಆದರೆ ಮೊದಲೇ ಅಂಕಿಗೆ 3 ಕೂಡಿ, ಕೊನೆಗೆ ‘ಎ’ ಹಚ್ಚಬೇಕು.

ಕೀಬೋರ್ಡ್‌ನ ಟ್ರಾನ್ಸ್‌ಪೋಸ್ ಗುಂಡಿಗೂ ಇದೇ ಅಂಕಿ ಬೇಕು. ಒಂದು ಮನೆಯಲ್ಲೇ ಬೆರಳು ಪಳಗಿದವರು ಐದೂವರೆಯ ಗಾಯಕಿಗೆ ನುಡಿಸುವಾಗ 8 ಏರಿಸಬಹುದು, ಇಲ್ಲವೇ 4 ಇಳಿಸಬಹುದು. ಹತ್ತಿರದ್ದನ್ನು ಪ್ರೋಗ್ರಾಮೇ ಆರಿಸಿಕೊಡುತ್ತದೆ.

ರಾಗದ ಮಾತು ಬೇರೆ. ಶಂಕರಾಭರಣದ ಸ್ವರಗಳು ಮೇಜರ್‌ಗೆ, ನಠಭೈರವಿಯವು ಮೈನರ್‌ಗೆ ಹೊಂದುತ್ತವೆ. ಆದರೆ ಸಂಗೀತ ಪಾಠ ಶುರುವಾಗುವ ಮಾಯಾಮಾಳವಗೌಳಕ್ಕೆ ಕ್ಯಾಮೆಲಾಟ್‌ನಲ್ಲಿ ಜಾಗವೇ ಇಲ್ಲ. ಅಲ್ಲಿರುವುದು ಬರೀ 24 ಕೋಣೆ, ಕರ್ನಾಟಕ ಸಂಗೀತದ ಮೂಲರಾಗಗಳಾದ ಮೇಳಕರ್ತಗಳು 72. ಅಂಥ ರಾಗಕ್ಕೆ, ಹೆಸರಿನ ಮೊದಲೆರಡು ಅಕ್ಷರಗಳಿಂದ ಮೇಳದ ಸಂಖ್ಯೆ ತಿಳಿಸುವ ನಮ್ಮ ಕಟಪಯಾದಿಯೇ ದಾರಿ: ‘ಮಾ’ ಅಂದರೆ 5, ‘ಯಾ’ ಅಂದರೆ 1, ತಿರುಗಿಸಿ ಓದಿದರೆ 15ನೇ ಮೇಳ. ಹಾಡಿನ ಪಟ್ಟಿ ಮಾಡುವ ಮೇಷ್ಟ್ರು ಶ್ರುತಿಗೊಂದು, ಮೇಳದ ಸಂಖ್ಯೆಗೊಂದು ಕಾಲಂ ಇಟ್ಟರೆ, ರಂಗಸ್ಥಳಕ್ಕೆ ಹೊಸದಾಗಿ ಬಂದ ಕೀಬೋರ್ಡ್ ವಾದಕರಿಗೂ ಯಾವ ಮನೆಯಲ್ಲಿ ಯಾವ ಸ್ವರಗಳನ್ನು ಹಿಡಿಯಬೇಕೆಂಬುದು ಕೇಳದೆಯೇ ತಿಳಿಯುತ್ತದೆ.